ಹನ್ನೊಂದು ದಿನದ ಕಣ್ಣುಗಳು

ಕೆಲಸದಿಂದ ನಿವೃತ್ತಳಾದ ಮೇಲೆ ಆಸ್ಪತ್ರೆಯಿಂದ ನನಗೊಂದು ಕೋರಿಕೆ ಬಂತು. ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿರುವ ಇಬ್ಬರಿಗೆ ಓದಲು ನಾಲ್ಕು ಪುಟ ಬರೆದುಕೊಡಿ, ಬ್ಯಾಕಪ್ ತೆಗೆಯುವ ಕ್ರಮವನ್ನು ಸ್ವಲ್ಪ ವಿವರವಾಗಿ ಹೇಳಿ ಎಂದು. ಆ ಕ್ರಮ ಆ ಇಬ್ಬರಿಗೂ ನನಗಿಂತ ಚೆನ್ನಾಗಿ ಗೊತ್ತಿದೆ. ನಾನು ಎಲ್ಲೆಲ್ಲಿ ದಿಕ್ಕು ತೋಚದೆ ನಿಂತೆ ಎಂಬುದು ಮಾತ್ರ ನನಗೊಬ್ಬಳಿಗೇ ಗೊತ್ತು. ಹಾಗಾಗಿ ಅದನ್ನೇ ಬರೆಯುತ್ತೇನೆ.

ನಾನು ಹೊಳಲಿನವಳು. ಮಂಡ್ಯದಲ್ಲಿ ಟೈಪಿಂಗ್ ಪರೀಕ್ಷೆ ಪಾಸು ಮಾಡಿ, ಮದ್ದೂರಿನ ಹೊರಗೆ ಹೆದ್ದಾರಿ ಪಕ್ಕದಲ್ಲಿದ್ದ ಒಂದು ಟ್ರಸ್ಟಿನ ಕಣ್ಣಿನ ಆಸ್ಪತ್ರೆಗೆ ಟೈಪಿಸ್ಟಾಗಿ ಸೇರಿದೆ. ಹಳ್ಳಿಗಳಲ್ಲಿ ಶಿಬಿರ ಮಾಡಿ, ಪೊರೆ ಬಂದವರನ್ನು ವ್ಯಾನಿನಲ್ಲಿ ಕರೆತಂದು, ಆಪರೇಷನ್ ಮಾಡಿ, ಮಾರನೇ ದಿನ ವಾಪಸು ಬಿಟ್ಟುಬರುವುದು ಅಲ್ಲಿಯ ಮುಖ್ಯ ಕೆಲಸ. ಮಂಡ್ಯದಲ್ಲೂ ಮಳವಳ್ಳಿಯಲ್ಲೂ ಒಂದೊಂದು ಸಣ್ಣ ಕೇಂದ್ರವಿತ್ತು. ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ, ಇವಳಿಗೆ ಕೀಲಿಗಳು ಗೊತ್ತಿವೆ ಎಂಬ ಒಂದೇ ಕಾರಣಕ್ಕೆ ಅದನ್ನು ನನ್ನ ಮೇಜಿನ ಮೇಲಿಟ್ಟರು. ಅಂದಿನಿಂದ ನಿವೃತ್ತಿಯ ದಿನದವರೆಗೂ, ಅರ್ಧಂಬರ್ಧ ತಿಳಿದ ಯಂತ್ರವನ್ನು ಪೂರ್ತಿ ತಿಳಿದವಳ ಹಾಗೆ ನೋಡಿಕೊಂಡೆ.

ಆಗ ಬ್ಯಾಕಪ್ ಅಂದರೆ ಕೈಗೆ ಸಿಗುವ ವಸ್ತು. ಸಂಜೆ ಐದಕ್ಕೆ ರೋಗಿಗಳ ಪಟ್ಟಿಯನ್ನೆಲ್ಲ ಸೀಡಿಗೆ ಇಳಿಸಿ, ಊಟದ ಚೀಲದಲ್ಲಿ ಹಾಕಿಕೊಂಡು ಮಂಡ್ಯದ ಬಸ್ಸು ಹತ್ತುತ್ತಿದ್ದೆ. ಆಸ್ಪತ್ರೆಗೆ ಬೆಂಕಿ ಬಿದ್ದರೂ ಪಟ್ಟಿ ನಮ್ಮ ಮನೆಯ ಬೀರುವಿನಲ್ಲಿ ಉಳಿಯಲಿ ಎಂದು. ಒಮ್ಮೆ ಡಬ್ಬಿಯಲ್ಲಿ ಮಿಕ್ಕಿದ್ದ ಸಾರು ಚೆಲ್ಲಿ ಸೀಡಿಗೆ ಸಾರಿನ ವಾಸನೆ ಹಿಡಿಯಿತು. ಒರೆಸಿ ನೋಡಿದರೆ ಹೆಸರುಗಳೆಲ್ಲ ಇದ್ದವು. ಆ ಕಾಲದಲ್ಲಿ ನನಗೆ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ಶುರುವಾದದ್ದು ಸರ್ವರ್ ಬಂದಾಗ. ಬಂದಾಗ ಅಂದೆ, ಆದರೆ ಅದು ಬರಲೇ ಇಲ್ಲ. ಆಸ್ಪತ್ರೆಯ ಆಡಳಿತಾಧಿಕಾರಿ ಹೈಸ್ಕೂಲಿನ ನಿವೃತ್ತ ಹೆಡ್‌ಮಾಸ್ಟರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದೆವು. ಮೂರೂ ಊರಿನ ಕೇಂದ್ರಗಳು ಒಂದೇ ಪಟ್ಟಿಯನ್ನು ನೋಡುವಂತೆ ಸರ್ವರ್ ತೆಗೆದುಕೊಂಡಿದ್ದೇವೆ ಎಂದು ಹೇಳಿ, ಅದಕ್ಕಾಗಿ ಒಂದು ಕೋಣೆ ತೆರವು ಮಾಡಿಸಿ, ಸುಣ್ಣ ಹೊಡೆಸಿ, ಏಸಿ ಹಾಕಿಸಿದರು. ವಾರ ಕಾದೆವು. ಕೊನೆಗೆ ಮೈಸೂರಿನಲ್ಲಿದ್ದ ಪ್ರಸಾದ್ ಎಂಬವರಿಗೆ ಫೋನ್ ಮಾಡಿದೆ. ನಮ್ಮ ಸಾಫ್ಟ್‌ವೇರ್ ಬರೆದುಕೊಟ್ಟಿದ್ದು ಅವರೇ.

“ಸಾರ್, ಸರ್ವರ್ ಯಾವಾಗ ಬರುತ್ತೆ? ಜಾಗ ರೆಡಿ ಇದೆ.”

“ಅಯ್ಯೋ ಮೇಡಂ, ಅದು ಬರೋದಲ್ಲ. ಎಲ್ಲೋ ದೂರದಲ್ಲಿ ಒಂದು ದೊಡ್ಡ ಮಿಷನ್ ಇರುತ್ತೆ. ವಠಾರದ ಥರ ಅದರೊಳಗೆ ಪಾಲು ಮಾಡಿರ್ತಾರೆ. ಒಂದು ಪಾಲು ನಮ್ಮದು, ಬಾಡಿಗೆಗೆ.”

“ಎಲ್ಲಿ ಅಂದ್ರೆ ಯಾವ ಊರಲ್ಲಿ?”

“ಅದು ನನಗೂ ಸರಿಯಾಗಿ ಗೊತ್ತಿಲ್ಲ ಮೇಡಂ.”

ಮೇಷ್ಟ್ರಿಗೆ ಇದನ್ನು ಹೇಳುವಷ್ಟರಲ್ಲಿ ನನಗೆ ಸಾಕಾಯಿತು. “ಎಲ್ಲಿದೆಯೋ ಗೊತ್ತಿಲ್ಲದ ಕಡೆ ನಮ್ಮ ರೋಗಿಗಳನ್ನ ಇಡೋದೇನಮ್ಮ ನಾಗರತ್ನ?” ಎಂದರು. ಆ ತಣ್ಣನೆಯ ಕೋಣೆ ಕೊನೆಗೆ ಕಣ್ಣಿನ ಔಷಧಿ ಇಡುವ ಜಾಗವಾಯಿತು.

ಅದಾದ ಮೇಲೆ ಎರಡು ವರ್ಷ ನಾನು ಒಂದು ದೊಡ್ಡ ತಪ್ಪಿನೊಳಗೇ ನೆಮ್ಮದಿಯಾಗಿದ್ದೆ. ಪ್ರತಿ ಶನಿವಾರ ಆ ದೂರದ ಪಾಲಿನಿಂದ ನಮ್ಮ ವೆಬ್‌ಸೈಟಿನ ಫೋಲ್ಡರನ್ನು ಪೂರ್ತಿ ಇಳಿಸಿಕೊಂಡು ಜೋಪಾನ ಮಾಡುತ್ತಿದ್ದೆ. ಶಿಬಿರದ ದಿನಾಂಕ, ಡಾಕ್ಟರುಗಳ ಫೋಟೋ, ರೋಗಿಗಳ ಪಟ್ಟಿ ಎಲ್ಲವನ್ನೂ ನಾವು ನೋಡುತ್ತಿದ್ದುದು ಆ ಸೈಟಿನಲ್ಲೇ. ಹಾಗಾಗಿ ಎಲ್ಲವೂ ಆ ಫೋಲ್ಡರಿನಲ್ಲೇ ಇದೆ ಎಂದು ನಂಬಿದ್ದೆ. ಒಮ್ಮೆ ಯಾರೋ ಕಿಡಿಗೇಡಿಗಳು ಸೈಟಿಗೆ ನುಗ್ಗಿ, ಶಿಬಿರದ ಪುಟ ತೆರೆದರೆ ಯಾವುದೋ ಜೂಜಿನ ಜಾಹೀರಾತು ಬರುವ ಹಾಗೆ ಮಾಡಿದರು. ನಾನು ಶನಿವಾರದ ಫೋಲ್ಡರನ್ನು ವಾಪಸು ಹಾಕಿದೆ. ಸೈಟು ಮೊದಲಿನಂತಾಯಿತು. ಮೇಷ್ಟ್ರು ಎಲ್ಲರೆದುರು ಹೊಗಳಿದರು. ಆ ಹೊಗಳಿಕೆಯ ಬಿಸಿಯಲ್ಲೇ ಪ್ರಸಾದ್‌ಗೆ ಫೋನ್ ಮಾಡಿ ಹೇಳಿಕೊಂಡೆ.

“ಒಳ್ಳೇದಾಯ್ತು ಮೇಡಂ. ಡೇಟಾಬೇಸ್ ನಕಲು ಬೇರೆ ತೆಗೀತಿದೀರಿ ತಾನೆ?”

“ಬೇರೆ ಅಂದ್ರೆ?”

“ಮೇಡಂ, ನೀವು ಎತ್ತಿಟ್ಟಿರೋದು ಆಸ್ಪತ್ರೆಯ ಬೋರ್ಡು, ಬಾಗಿಲು, ಗೋಡೆ. ಪೇಷೆಂಟುಗಳೆಲ್ಲ ಒಳಗೆ ಬೇರೆ ಬೀರುವಿನಲ್ಲಿದ್ದಾರೆ. ಅದೇ ಡೇಟಾಬೇಸು. ಅದನ್ನ ಬೇರೆ ಆಜ್ಞೆ ಕೊಟ್ಟೇ ಇಳಿಸಿಕೊಳ್ಳಬೇಕು.”

ಅಂದರೆ ಎರಡು ವರ್ಷ ನಮ್ಮ ಸಾವಿರಾರು ರೋಗಿಗಳ ನಕಲು ಎಲ್ಲೂ ಇರಲಿಲ್ಲ. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಈಗ ಮೊದಲ ಸಲ ಬರೆಯುತ್ತಿದ್ದೇನೆ.

ಪ್ರಸಾದ್ ಒಂದು ಏರ್ಪಾಡು ಮಾಡಿಕೊಟ್ಟರು. ದಿನಾ ಡೇಟಾಬೇಸಿನ ನಕಲು ತಾನಾಗಿ ಒಂದು ಫೈಲಾಗುತ್ತದೆ, ಬೆಳಿಗ್ಗೆ ನನಗೆ ‘ಬ್ಯಾಕಪ್ ಯಶಸ್ವಿ’ ಎಂದು ಮೇಲ್ ಬರುತ್ತದೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ದಿನಾ ಒಂಬತ್ತೂವರೆಗೆ ನನ್ನ ಮೇಜಿನ ಹತ್ತಿರ ಬಂದು, “ಯಶಸ್ವಿಯೇನಮ್ಮ?” ಎಂದು ಕೇಳಿ, ಹಾಜರಿ ಪುಸ್ತಕದಂತಿದ್ದ ಒಂದು ಪುಸ್ತಕದಲ್ಲಿ ಸರಿ ಗುರುತು ಹಾಕಿ ಹೋಗುವರು. ಆ ಗುರುತುಗಳ ಮೇಲಿನ ಭರವಸೆಯಿಂದಲೇ, ಇನ್ನು ಮೇಲೆ ಕಾಗದದ ಕೇಸ್ ಶೀಟು ಬೇಡ, ಎಲ್ಲವೂ ಕಂಪ್ಯೂಟರಿನಲ್ಲೇ ಇರಲಿ ಎಂದು ಅಪ್ಪಣೆ ಮಾಡಿದರು. ನಾನು ನನ್ನ ಪಾಲಿನದೊಂದು ನಿಯಮ ಸೇರಿಸಿದೆ. ಹೆಸರು ಬರೆಸುವಾಗ ಫೋನ್ ನಂಬರ್ ಕಡ್ಡಾಯ. ನಂಬರ್ ತುಂಬದಿದ್ದರೆ ಕಂಪ್ಯೂಟರ್ ಮುಂದಕ್ಕೇ ಹೋಗದ ಹಾಗೆ ಮಾಡಿಸಿದೆ. ಆಪರೇಷನ್ ಆದ ಆರನೇ ದಿನ ಪ್ರತಿಯೊಬ್ಬರಿಗೂ ಫೋನ್ ಮಾಡಿ, ನಾಳೆ ತಪಾಸಣೆಗೆ ಬನ್ನಿ, ಕಣ್ಣು ಕೆಂಪಾಗಿದೆಯೇ, ನೋವಿದೆಯೇ ಎಂದು ಕೇಳುವ ಪದ್ಧತಿ ನಮ್ಮಲ್ಲಿತ್ತು. ನಂಬರ್ ಇಲ್ಲದೆ ಅದು ಆಗುವಂತಿರಲಿಲ್ಲ.

ನಕಲು ತೆಗೆದರೆ ಸಾಲದು, ಅದನ್ನು ಮತ್ತೆ ತುಂಬಿ ನೋಡಿದ್ದೀರಾ ಎಂದು ನಮ್ಮ ಡಾಕ್ಟರ್ ಸುಮಿತ್ರಾ ಒಂದು ದಿನ ಕೇಳಿದರು. ಎಲ್ಲೋ ಓದಿದ್ದರಂತೆ. ನಾನು ನೋಡಿರಲಿಲ್ಲ. ಪ್ರಸಾದ್‌ಗೆ ಹೇಳಿ, ಪರೀಕ್ಷೆಗೆಂದೇ ಅಂಥದ್ದೇ ಇನ್ನೊಂದು ಸಣ್ಣ ಪಾಲು ತೆಗೆಸಿದೆ. ಒಂದು ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ, ಮೇಷ್ಟ್ರು ಗುರುತು ಹಾಕಿ ಹೋದ ಮೇಲೆ, ಎರಡೂ ಪಾಲುಗಳ ಕಿಟಕಿ ತೆರೆದು ಕುಳಿತೆ. ಎರಡೂ ಕಪ್ಪು ಪರದೆ, ಬಿಳಿ ಅಕ್ಷರ. ಒಂದು ನಿಜವಾದದ್ದು, ಒಂದು ಪರೀಕ್ಷೆಯದು.

ನಕಲುಗಳ ಪಟ್ಟಿ ನೋಡಿದೆ. ಕೊನೆಯ ಹನ್ನೊಂದು ಫೈಲುಗಳ ಗಾತ್ರ ಸೊನ್ನೆ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಸೊನ್ನೆಯೇ. ಹನ್ನೊಂದು ದಿನವೂ ‘ಯಶಸ್ವಿ’ ಎಂಬ ಮೇಲ್ ಬಂದಿತ್ತು, ಹನ್ನೊಂದು ಸರಿ ಗುರುತು ಬಿದ್ದಿತ್ತು. ಆಮೇಲೆ ಗೊತ್ತಾದದ್ದು ಇಷ್ಟು: ನಕಲುಗಳನ್ನೂ ಅದೇ ಪಾಲಿನಲ್ಲೇ ಪೇರಿಸುತ್ತಿದ್ದರಿಂದ ಅವಕ್ಕೆಂದು ಬಿಟ್ಟಿದ್ದ ಜಾಗ ಭರ್ತಿಯಾಗಿತ್ತು. ಫೈಲು ಹುಟ್ಟುತ್ತಿತ್ತು, ಒಳಗೆ ಏನೂ ತುಂಬುತ್ತಿರಲಿಲ್ಲ. ಆ ಮೇಲ್ ಹೇಳುತ್ತಿದ್ದುದು ಕೆಲಸ ಮುಗಿಯಿತು ಎಂದಷ್ಟೇ. ಕೆಲಸ ಆಯಿತೋ ಇಲ್ಲವೋ ಎಂದು ಅದು ನೋಡುತ್ತಲೇ ಇರಲಿಲ್ಲ.

ಆ ಕ್ಷಣ ಮಾಡಬೇಕಾಗಿದ್ದು ಒಂದೇ. ಕೀಲಿಮಣೆಯಿಂದ ಕೈ ಎತ್ತಿ, ಸಮಾಧಾನವಾಗಿ, ಒಂದಿಷ್ಟು ಜಾಗ ಮಾಡಿ, ಇವತ್ತಿನ ನಕಲೊಂದನ್ನು ತೆಗೆದು ಹೊರಗಿಟ್ಟುಕೊಳ್ಳುವುದು. ನಾನು ಹಾಗೆ ಮಾಡಲಿಲ್ಲ. ಆ ಹನ್ನೊಂದಕ್ಕೂ ಹಿಂದಿನ ದಿನದ ಫೈಲಾದರೂ ಗಟ್ಟಿಯಿದೆಯೋ ಅದೂ ಪೊಳ್ಳೋ ಎಂಬ ಗಾಬರಿಯಲ್ಲಿ, ಅದನ್ನು ತುಂಬಿ ನೋಡೋಣ ಎಂದು ಆಜ್ಞೆ ಟೈಪ್ ಮಾಡಿ ಕೀಲಿ ಒತ್ತಿದೆ. ಒಂದು ನಿಮಿಷದಲ್ಲಿ ಮುಗಿಯಿತು. ಫೈಲು ಗಟ್ಟಿಯಾಗಿತ್ತು. ನಿಟ್ಟುಸಿರು ಬಿಟ್ಟೆ.

ಅಷ್ಟರಲ್ಲಿ ಮಳವಳ್ಳಿ ಕೇಂದ್ರದಿಂದ ಫೋನ್ ಬಂತು. “ಅಕ್ಕ, ಈಗ ತಾನೆ ಬರೆಸಿದ ಹೆಸರೇ ಕಾಣ್ತಿಲ್ಲ. ನಿನ್ನೇದೂ ಇಲ್ಲ. ಹೋದ ವಾರದ್ದೂ ಇಲ್ಲ.”

ನಾನು ಟೈಪ್ ಮಾಡಿದ್ದು ನಿಜವಾದ ಕಿಟಕಿಯಲ್ಲಿ. ಹಳೆಯ ನಕಲು ಹೊಸದರ ಮೇಲೆ ಕುಳಿತು ಹನ್ನೊಂದು ದಿನವನ್ನು ಅಳಿಸಿತ್ತು.

ಪ್ರಸಾದ್‌ಗೆ ಫೋನ್ ಮಾಡಿ ಹೇಳಿದೆ. ಅವರು ತಡಕಾಡಿ, “ಬಾಡಿಗೆಗೆ ಕೊಟ್ಟೋರ ಹತ್ತಿರ, ಇಡೀ ಪಾಲನ್ನ ವಾರಕ್ಕೊಮ್ಮೆ ಫೋಟೋ ಹಿಡಿದ ಹಾಗೆ ನಕಲು ಮಾಡಿಟ್ಟ ಚಿತ್ರ ಒಂದಿದೆ ಮೇಡಂ, ಹೆದರಬೇಡಿ” ಎಂದರು. ಅರ್ಧ ಗಂಟೆ ಜೀವ ಬಂತು. ಆಮೇಲೆ ಅವರೇ ಸಣ್ಣ ದನಿಯಲ್ಲಿ, ಆ ಚಿತ್ರ ಪರೀಕ್ಷೆಯ ಪಾಲಿನದು, ನಿಜವಾದದ್ದಕ್ಕೆ ಅದನ್ನು ಹಾಕಿಸೇ ಇರಲಿಲ್ಲ ಎಂದರು. ಖಾಲಿ ಪಾಲಿಗೆ ರಕ್ಷಣೆ ಇತ್ತು, ರೋಗಿಗಳಿದ್ದ ಪಾಲಿಗೆ ಇರಲಿಲ್ಲ. ಯಾಕೆ ಹೀಗಾಯಿತು ಎಂದು ನಾವಿಬ್ಬರೂ ಒಬ್ಬರನ್ನೊಬ್ಬರು ಕೇಳಿಕೊಂಡೆವು.

ಡಾಕ್ಟರ್ ಸುಮಿತ್ರಾ ಆಪರೇಷನ್ ಕೋಣೆಯಿಂದ ಹೊರಗೆ ಬಂದರು. ನಾನು ನಡೆದದ್ದನ್ನು ಅವರಿಗೂ ಮೇಷ್ಟ್ರಿಗೂ ಒಟ್ಟಿಗೆ ಹೇಳಿದೆ. ಮೇಷ್ಟ್ರು ತಮ್ಮ ಗುರುತಿನ ಪುಸ್ತಕವನ್ನು ಒಂದೊಂದೇ ಪುಟ ತಿರುವುತ್ತ, “ದಿನಾ ಯಶಸ್ವಿ ಅಂದೆಯಲ್ಲಮ್ಮ?” ಎಂದರು. ಡಾಕ್ಟರು ಬೈಯಲಿಲ್ಲ.

“ಇವತ್ತಿನ ಆಪರೇಷನ್‌ಗಳನ್ನ ನಿಲ್ಲಿಸ್ತೀನಿ. ಅಳಿಸಿಹೋದ ಕಣ್ಣಿನ ಅಳತೆ ಮತ್ತೆ ತಗೋಬಹುದು. ನನಗೆ ಭಯ ಇರೋದು ಆಪರೇಷನ್ ಆಗಿ ಮನೆಗೆ ಹೋಗಿರೋರದ್ದು. ತಪಾಸಣೆಗೆ ಇನ್ನೂ ಬರಬೇಕಾದವರು ಎಷ್ಟು ಜನ? ಅವರಲ್ಲಿ ಒಬ್ಬರಿಗೆ ಒಳಗೆ ಕೀವಾದರೂ ಆ ಕಣ್ಣು ಹೋಯ್ತು.”

ಆಪರೇಷನ್ ಕೋಣೆಯಲ್ಲಿ ನರ್ಸುಗಳು ಕೈಯಲ್ಲಿ ಬರೆಯುವ ಪುಸ್ತಕವೊಂದು ಉಳಿದಿತ್ತು. ಮೇಷ್ಟ್ರ ಅಪ್ಪಣೆಯನ್ನು ಅವರು ಪಾಲಿಸಿರಲಿಲ್ಲ, ಪುಣ್ಯಕ್ಕೆ. ಆದರೆ ಅದರಲ್ಲಿದ್ದುದು ಹೆಸರು, ವಯಸ್ಸು, ಎಡವೋ ಬಲವೋ, ಇಷ್ಟೇ. ಊರು, ಫೋನ್ ನಂಬರ್ ಎಲ್ಲ ನಾನು ಅಳಿಸಿದ್ದರಲ್ಲಿ ಹೋಗಿತ್ತು. ಎಣಿಸಿದೆವು. ಮೂವತ್ತೊಂದು ಜನ.

ಶಿಬಿರದ ವ್ಯಾನ್ ಓಡಿಸುತ್ತಿದ್ದ ಚನ್ನಪ್ಪನಿಗೆ ಆಗಲೇ ಐವತ್ತೈದು ದಾಟಿತ್ತು. ಮಳವಳ್ಳಿ ಕಡೆಯವನು. ಹೆಸರು ಓದುತ್ತ ಹೋದರೆ ಅವನು ಕಣ್ಣು ಮುಚ್ಚಿಕೊಂಡು, “ಅವ್ರಾ, ಮುಂದ್ಲ ಸೀಟಲ್ಲಿ ಕುಂತಿದ್ರು, ವಾಂತಿ ಮಾಡ್ಕಂಡ್ರು, ಬಸ್‌ಸ್ಟ್ಯಾಂಡ್ ಇಂದ್ಗಡೆ ಮನೆ” ಎನ್ನುವನು. ಅವನ ನೆನಪನ್ನೇ ನಾನು ಬರೆದುಕೊಂಡೆ. ಬುಧವಾರ ಮಧ್ಯಾಹ್ನದಿಂದ ಗುರುವಾರ ಸಂಜೆಯವರೆಗೆ ಊರೂರು ಸುತ್ತಿ ಮೂವತ್ತು ಜನರನ್ನು ಹುಡುಕಿದೆವು. ಕೈಯಲ್ಲಿ ಬ್ಯಾಟರಿ ಹಿಡಿದು ಕಣ್ಣು ನೋಡುವುದನ್ನು ನರ್ಸೊಬ್ಬರು ನನಗೆ ಹೇಳಿಕೊಟ್ಟಿದ್ದರು. ಮೂವತ್ತೂ ಕಣ್ಣು ಬೆಳ್ಳಗಿದ್ದವು.

ಉಳಿದದ್ದು ಒಂದು ಸಾಲು. ‘ಚಿಕ್ಕತಾಯಮ್ಮ, 65, ಎಡ.’

ಚನ್ನಪ್ಪನಿಗೂ ಅವಳ ನೆನಪಿರಲಿಲ್ಲ. “ವಾಪಸ್ ಬುಡಕೋದಾಗ ವ್ಯಾನ್ ಅತ್ತಿಲ್ಲ ಕಣಕ್ಕ ಆಯಮ್ಮ. ಅತ್ತಿದ್ರೆ ನಂಗ್ ಗೊತ್ತಿರೋದು” ಎಂದ. ಆ ವಾರದ ಶಿಬಿರ ನಡೆದದ್ದು ಮಳವಳ್ಳಿಯ ಹತ್ತಿರದ ಒಂದು ಹಳ್ಳಿಯಲ್ಲಿ. ಶುಕ್ರವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಆಶಾ ಕಾರ್ಯಕರ್ತೆಯನ್ನು ಕೇಳಿದೆ.

“ಚಿಕ್ಕತಾಯಮ್ಮ ಅಂತ ನಮ್ಮೂರಲ್ಲಿ ಮೂರ್ ಜನ ಅವ್ರೆ ಕಣಮ್ಮ. ಮೂರ್ ಜನುಕ್ಕೂ ಆಪರೇಸನ್ ಆಗಿಲ್ಲ.”

“ಹಾಗಾದ್ರೆ ಶಿಬಿರಕ್ಕೆ ಬಂದೋರು ಯಾರು?”

ಅವಳು ಯೋಚಿಸಿ, “ತಡೀರಿ, ಆ ಕೊನೆ ಮನೆ ಅಜ್ಜಿ ಜತೆ ಯಾರೋ ಬಂದು ಕುಂತಿದ್ರು” ಎಂದು ಅಲ್ಲಿಗೆ ಕರೆದುಕೊಂಡು ಹೋದಳು. ಆ ಅಜ್ಜಿ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು.

“ನನ್ ತಂಗಿ ಕಣವ್ವ ಅವ್ಳು. ಸಿಬಿರ ಅದೆ ಬಾ ಅಂತ ನಾನೇ ಕರುಸ್ಕಂಡಿದ್ದೆ. ಆಪರೇಸನ್ ಮುಗುಸ್ಕಂಡು ಅಂಗೇ ಮಗನ ರೂಮಿಗೆ ಓದ್ಲು, ಗೆಜ್ಜಲಗೆರೆಗೆ. ಪ್ಯಾಕ್ಟ್ರಿ ಇಂದ್ಗಡೆ, ಅಸುರು ಗೇಟು ಅಂತಿದ್ಲು.”

ಚನ್ನಪ್ಪ ಸ್ಟೀರಿಂಗ್ ಮೇಲೆ ಕೈ ಬಡಿದ. “ಅಕ್ಕ, ನಮ್ಮಾಸ್ಪತ್ರೆ ಮಗ್ಗುಲಲ್ಲೇ ಇಟ್ಕಂಡು ಮಳವಳ್ಳಿ ಎಲ್ಲ ಸುತ್ತುದ್ವಲ್ಲ!”

ಗೆಜ್ಜಲಗೆರೆಯಲ್ಲಿ ಶಿಫ್ಟಿಗೆ ಹೋಗುವವರು ಬಾಡಿಗೆಗಿರುವ ಕೋಣೆಗಳ ಸಾಲು ಒಂದೆರಡಲ್ಲ. ಹಸಿರು ಗೇಟುಗಳೇ ನಾಲ್ಕು ಸಿಕ್ಕವು. ನಾಲ್ಕನೆಯದರ ಒಳಗೆ, ಕಿಟಕಿಗೆ ಟವೆಲ್ ಕಟ್ಟಿ ಕತ್ತಲು ಮಾಡಿಕೊಂಡು, ಗೋಡೆಗೊರಗಿ ಚಿಕ್ಕತಾಯಮ್ಮ ಕುಳಿತಿದ್ದಳು. ಮಗ ಕೆಲಸಕ್ಕೆ ಹೋಗಿದ್ದ. ಬ್ಯಾಟರಿ ಹಾಕುವ ಮೊದಲೇ ಗೊತ್ತಾಯಿತು. ಎಡಗಣ್ಣು ಕೆಂಡದಂತೆ ಕೆಂಪಗಾಗಿ ರೆಪ್ಪೆ ಊದಿತ್ತು.

“ಯಾವಾಗಿನಿಂದ ಹೀಗಿದೆ ಅಮ್ಮ?”

“ನೆನ್ನೆ ಬೆಳಿಗ್ಗೆಯಿಂದ ಕಣವ್ವ. ಕುಯ್ದವ್ರಲ್ಲ, ಅಂಗೇ ಇರ್ತದೇನೋ ಅಂದ್ಕಂಡೆ. ಪೋನು ಬತ್ತದೆ, ಬಂದಾಗ ಕೇಳಿ ಅಂದಿದ್ರು. ಕಾಯ್ತಾ ಕುಂತಿವ್ನಿ.”

ಅದು ಆರನೇ ದಿನ. ನಮ್ಮ ಆಸ್ಪತ್ರೆಯಿಂದ ಅವಳಿಗೆ ಫೋನ್ ಹೋಗಬೇಕಾಗಿದ್ದುದು ಅದೇ ದಿನ. ನನ್ನ ತಪ್ಪಿನಿಂದಲೇ ಫೋನ್ ಬರಲಿಲ್ಲ ಎಂಬ ಸಂಕಟದಲ್ಲಿ ಅವಳ ಕೈ ಹಿಡಿದುಕೊಂಡು, “ತಪ್ಪಾಯ್ತಮ್ಮ, ನಿಮ್ಮ ನಂಬರ್ ನಮ್ಮ ಹತ್ತಿರ ಕಳೆದುಹೋಯ್ತು. ಈಗ ಹೇಳಿ, ಬರ್ಕೊತೀನಿ” ಎಂದೆ.

ಅವಳು ಒಂದೇ ಕಣ್ಣಲ್ಲಿ ನನ್ನನ್ನು ನೋಡಿದಳು. “ನನ್ತಾವ ಎಲ್ಲವ್ವ ಪೋನು?”

“ಮತ್ತೆ ಶಿಬಿರದಲ್ಲಿ ಬರೆಸಿದ್ರಲ್ಲ?”

“ನಂಬರಿಲ್ದೆ ಕಂಪೂಟ್ರು ತಗಳಕಿಲ್ಲ ಅಂದ್ರು ಕಣವ್ವ. ವಾಪಸ್ ಓಗು ಅಂದ್ರು. ಇಂದೆ ನಿಂತಿದ್ದ ಯಾರೋ ಪುಣ್ಯಾತ್ಮ ಅವ್ನ ನಂಬರ್ ಏಳ್ಬುಟ್ಟ. ಅವ್ನ್ಯಾರೋ ನಾ ಕಾಣೆ.”

“ಹಾಗಾದ್ರೆ ಫೋನ್ ಬರುತ್ತೆ ಅಂತ ಯಾಕೆ ಕಾಯ್ತಿದ್ರಿ ಅಮ್ಮ?”

“ನೀವೇ ಏಳಿದ್ರಲ್ಲ, ಬತ್ತದೆ ಅಂತ. ಎಂಗೋ ಬತ್ತದೆ ಅಂದ್ಕಂಡೆ” ಎಂದಳು.

ಅವಳನ್ನು ವ್ಯಾನಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೆವು. ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷದಲ್ಲಿ ನನ್ನ ತಲೆಯೊಳಗೆ ಎಲ್ಲ ಕಲಸಿಹೋಯಿತು. ನಾನು ಏನನ್ನೂ ಅಳಿಸದೇ ಇದ್ದಿದ್ದರೆ ಇವತ್ತು ಯಾರೋ ಗಂಡಸಿಗೆ ಫೋನ್ ಹೋಗುತ್ತಿತ್ತು. ಅವನು, ಚಿಕ್ಕತಾಯಮ್ಮ ಯಾರೋ ನನಗೆ ಗೊತ್ತಿಲ್ಲ ಎನ್ನುತ್ತಿದ್ದ. ನಮ್ಮವರು ‘ಸಂಪರ್ಕ ಸಿಗಲಿಲ್ಲ’ ಎಂದು ಬರೆದು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಈ ಮುದುಕಿ ಕತ್ತಲಲ್ಲಿ ಕಾಯುತ್ತ ಕುಳಿತೇ ಇರುತ್ತಿದ್ದಳು. ಫೋನ್ ನಂಬರ್ ಕಡ್ಡಾಯ ಮಾಡಿಸಿದವಳು ನಾನು, ಆ ಸುಳ್ಳು ನಂಬರನ್ನು ಅಳಿಸಿದವಳೂ ನಾನೇ. ಎರಡರಲ್ಲಿ ಯಾವುದಕ್ಕೆ ಅಳಬೇಕು?

ಡಾಕ್ಟರ್ ಸುಮಿತ್ರಾ ತಕ್ಷಣ ಕಣ್ಣಿನೊಳಕ್ಕೆ ಔಷಧಿ ಕೊಟ್ಟರು. ಹೊರಗೆ ಬಂದು, “ಕೀವು ಶುರುವಾಗಿದೆ. ಇನ್ನೊಂದೆರಡು ದಿನ ಹೋಗಿದ್ದರೆ ನನ್ನ ಕೈಲೂ ಆಗ್ತಿರಲಿಲ್ಲ” ಎಂದರು. ಚಿಕ್ಕತಾಯಮ್ಮ ಎರಡು ವಾರ ವಾರ್ಡಿನಲ್ಲಿದ್ದಳು. ಮೊದಲು ಬೆಳಕು ಕಂಡಿತು, ಆಮೇಲೆ ಕೈಬೆರಳು. ಎಲ್ಲರಷ್ಟು ನಿಚ್ಚಳವಾಗಿ ಆ ಕಣ್ಣು ಬರಲಿಲ್ಲ. ಆದರೆ ಹೋಗುವ ದಿನ ಅವಳು ಮಗನ ಕೈ ಹಿಡಿಯದೆ ಮೆಟ್ಟಿಲಿಳಿದಳು.

ಮೇಷ್ಟ್ರು ನನ್ನನ್ನು ಕರೆಸಿದರು. ಎದುರಿಗೆ ಬಿಳಿ ಹಾಳೆ, ಪೆನ್ನು. “ನಾಗರತ್ನ, ನಿನಗೆ ಮೆಮೊ ಕೊಡಲೋ ಶಾಲು ಹೊದಿಸಲೋ ನನಗೆ ತಿಳೀತಿಲ್ಲಮ್ಮ” ಎಂದರು. ಅವರು ತಮಾಷೆಗೆ ಹೇಳಲಿಲ್ಲ.

“ಮೆಮೊ ಕೊಡಿ ಸಾರ್” ಎಂದೆ.

ಕೊಟ್ಟರು. ತಮ್ಮ ಹೆಸರಿಗೂ ಒಂದು ಮೆಮೊ ಬರೆದು ಟ್ರಸ್ಟಿಗೆ ಕಳಿಸಿದರು ಎಂದು ಆಮೇಲೆ ಗೊತ್ತಾಯಿತು.

ಹೊಸಬರಿಗೆ ಇಲ್ಲಿ ಏನಾದರೂ ಹೇಳಬೇಕಲ್ಲ. ನಕಲನ್ನು ಅದೇ ಪಾಲಿನಲ್ಲಿಡಬೇಡಿ, ಬೇರೆ ಕಡೆಗೆ ಸಾಗಿಸಿ. ಗೋಡೆಯನ್ನೂ ಬೀರುವನ್ನೂ ಬೇರೆಬೇರೆಯಾಗಿ ತೆಗೆಯಿರಿ. ನಿಜವಾದ ಸರ್ವರಿನ ಕಿಟಕಿಗೆ ಕೆಂಪು ಬಣ್ಣ ಹಾಕಿಕೊಳ್ಳಿ. ನಾನು ಆಮೇಲೆ ಹಾಗೆ ಮಾಡಿದೆ. ಗಾಬರಿಯಾದಾಗ ಕೀಲಿಮಣೆಯಿಂದ ಕೈ ತೆಗೆದು ಒಂದು ಲೋಟ ನೀರು ಕುಡಿಯಿರಿ. ಇವು ನನಗೆ ಖಚಿತವಾಗಿ ತಿಳಿದಿರುವ ಮಾತು. ಚಿಕ್ಕತಾಯಮ್ಮನ ವಿಷಯದಲ್ಲಿ ಮಾತ್ರ ನನಗೆ ಇವತ್ತಿಗೂ ಖಚಿತವಿಲ್ಲ. ಆ ಬುಧವಾರ ನಾನು ಸರಿಯಾದ ಕಿಟಕಿಯಲ್ಲೇ ಟೈಪ್ ಮಾಡಿದ್ದರೆ ಚೆನ್ನಾಗಿತ್ತು ಎಂದು ಬಾಯಿಬಿಟ್ಟು ಹೇಳಲು ನನ್ನಿಂದ ಆಗುವುದಿಲ್ಲ. ತಪ್ಪು ಮಾಡಿದ್ದೇ ಒಳ್ಳೆಯದಾಯಿತು ಎಂದೂ ಹೇಳಲಾರೆ.

ಹನ್ನೊಂದು ದಿನದ ಹೆಸರುಗಳನ್ನು ನಾನೇ ಕುಳಿತು ಮತ್ತೆ ತುಂಬಿದೆ. ಪ್ರಸಾದ್‌ಗೆ ಹೇಳಿ, ಫೋನ್ ನಂಬರ್ ಇಲ್ಲದಿದ್ದರೂ ಮುಂದಕ್ಕೆ ಹೋಗುವ ಹಾಗೆ ಮಾಡಿಸಿದ್ದೆ. ಚಿಕ್ಕತಾಯಮ್ಮನ ಸಾಲಿನಲ್ಲಿ ನಂಬರಿನ ಜಾಗ ಖಾಲಿ ಬಿಟ್ಟು, ವಿಳಾಸದಲ್ಲಿ ‘ಗೆಜ್ಜಲಗೆರೆ, ನಾಲ್ಕನೇ ಹಸಿರು ಗೇಟು, ಹೋಗಿಯೇ ನೋಡುವುದು’ ಎಂದು ಬರೆದೆ.

ಮಾರನೇ ಬೆಳಿಗ್ಗೆ ‘ಬ್ಯಾಕಪ್ ಯಶಸ್ವಿ’ ಎಂದು ಮೇಲ್ ಬಂತು. ಒಂಬತ್ತೂವರೆಗೆ ಮೇಷ್ಟ್ರು ಪುಸ್ತಕ ಹಿಡಿದು ಬಂದರು. “ತಾಳಿ ಸಾರ್” ಎಂದು ನಕಲಿನ ಫೈಲನ್ನು ಪರೀಕ್ಷೆಯ ಪಾಲಿಗೆ ತುಂಬಿ, ತೆರೆದು, ಆ ಹೆಸರನ್ನು ಹುಡುಕಿದೆ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ನನ್ನ ಹೆಗಲ ಮೇಲಿನಿಂದ ಬಗ್ಗಿ ನೋಡಿದರು. ಚಿಕ್ಕತಾಯಮ್ಮ, ಅರವತ್ತೈದು, ಎಡ. ನಂಬರಿನ ಜಾಗ ಖಾಲಿ. ಪಕ್ಕದಲ್ಲಿ ವಿಳಾಸ.

“ಇದ್ದಾಳೆ” ಎಂದರು ಮೇಷ್ಟ್ರು. ಆಮೇಲೆ ಗುರುತು ಹಾಕಿದರು.